ಖಂಡುಗದಿಂದ ಕ್ಯಾಂಡಿಗೆ

ಬೀಜ ಬೇರ್ಪಡಿಸಿದ ಹತ್ತಿಗೆ, ಅಂದರೆ ಅರಳೆಗೆ, ಭಾರತದ ಪೇಟೆಗಳಲ್ಲಿ ಇಂದಿಗೂ ದರ ಕಟ್ಟುವುದು ‘ಕ್ಯಾಂಡಿ’ಯ ಲೆಕ್ಕದಲ್ಲಿ, ಒಂದು ಕ್ಯಾಂಡಿಗೆ 784 ಪೌಂಡು, ಸುಮಾರು 356 ಕಿಲೋಗ್ರಾಂ. ಮರಾಠಿಯ ಖಂಡಿ, ತಮಿಳಿನ ಕಂಡಿ, ಕನ್ನಡದ ಖಂಡುಗ ಒಂದೇ ಬಳಗದ ಮಾತುಗಳಾಗಿದ್ದು, ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ಅವು ಪೋರ್ಚುಗೀಸರ ಬಾಯಿಗೆ ಬಿದ್ದು, ಮುಂದೆ ಇಂಗ್ಲಿಷರ ದಫ್ತರಗಳಲ್ಲಿ ಕ್ಯಾಂಡಿ ಎಂದು ನೆಲೆಗೊಂಡವು.

ಹಳೆ ಮೈಸೂರಿನಲ್ಲಿ ಖಂಡುಗ ತೂಕವಾಗಿರಲಿಲ್ಲ, ಅಳತೆಯಾಗಿತ್ತು. ಕಣದಲ್ಲಿ ರಾಗಿಯ ಅಥವಾ ಭತ್ತದ ರಾಶಿಯನ್ನು ಕೊಳಗದಿಂದ ಅಳೆದು ಹಾಕುತ್ತ ಹೋದಂತೆ ಇಪ್ಪತ್ತನೆಯ ಕೊಳಗಕ್ಕೆ ಒಂದು ಖಂಡುಗ ತುಂಬುತ್ತಿತ್ತು. ಅಷ್ಟು ಬೀಜ ಹಿಡಿಯುವ ನೆಲಕ್ಕೂ ಅದೇ ಹೆಸರು ಸಲ್ಲುತ್ತಿದ್ದುದರಿಂದ ರಾಶಿಯನ್ನೂ ಹೊಲವನ್ನೂ ಒಂದೇ ಮಾತಿನಿಂದ ಎಣಿಸಬಹುದಾಗಿತ್ತು. ಕೊಳಗದ ಗಾತ್ರವೇ ಊರಿಂದೂರಿಗೆ ಬೇರೆಯಾಗುತ್ತಿದ್ದರೂ, ಇಪ್ಪತ್ತರ ಗುಣಾಕಾರ ಮಾತ್ರ ಗಟ್ಟಿಯಾಗಿ ಉಳಿಯಿತು. ಮದರಾಸಿನ ಕ್ಯಾಂಡಿಯಲ್ಲಿ 25 ಪೌಂಡಿನ ಇಪ್ಪತ್ತು ಮಣ, ಮುಂಬೈಯದರಲ್ಲಿ 28 ಪೌಂಡಿನ ಇಪ್ಪತ್ತು ಮಣ. ಈ ಕಟ್ಟನ್ನು ಮುರಿದದ್ದು ಹತ್ತಿ: ಮುಂಬೈಯ ಹತ್ತಿ ವರ್ತಕರು ಇಪ್ಪತ್ತರ ಬದಲು 28 ಮಣಗಳನ್ನು ಹಿಡಿದುದರಿಂದ 784 ಪೌಂಡಿನ ಕ್ಯಾಂಡಿ ರೂಢಿಗೆ ಬಂದಿತು. ಅದು 392 ಪೌಂಡಿನ ಎರಡು ಬೇಲುಗಳಿಗೆ, ಎಂದರೆ ಒತ್ತಿ ಕಟ್ಟಿದ ಎರಡು ಅಂಡಿಗೆಗಳಿಗೆ, ಸರಿಯಾಗಿ ಹೊಂದುತ್ತಿತ್ತು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತುಹೋಗಿ, ಧಾರವಾಡ ಸೀಮೆಯ ಹತ್ತಿಗೂ ಇಂಗ್ಲೆಂಡಿನಲ್ಲಿ ಬೇಡಿಕೆ ಏರಿದಾಗ, ಈ ಲೆಕ್ಕದ ಬಳಕೆಯೂ ಬೆಳೆಯಿತು.

1956ರ ತೂಕ ಮತ್ತು ಅಳತೆಗಳ ಕಾಯಿದೆ ಮೆಟ್ರಿಕ್ ಪದ್ಧತಿಯನ್ನು ತಂದಿತು. ಮಣ, ಸೇರುಗಳು ಹಿಂದೆ ಸರಿದವು. ಬೇಲು 170 ಕಿಲೋಗ್ರಾಂಗೆ ಇಳಿದು, ಎರಡು ಬೇಲು ಸೇರಿದರೂ ಕ್ಯಾಂಡಿಗೆ ಹದಿನಾರು ಕಿಲೋ ಕಡಮೆ ಬೀಳುವಂತಾಯಿತು. ಆದರೂ ಕ್ಯಾಂಡಿ ಅಳಿಯಲಿಲ್ಲ. 2023ರಲ್ಲಿ ಮುಂಬೈನ ಮಲ್ಟಿ ಕಮಾಡಿಟಿ ಎಕ್ಸ್‌ಚೇಂಜ್ ಹತ್ತಿಯ ವಾಯಿದೆ ವ್ಯಾಪಾರದಲ್ಲಿ, ಅಂದರೆ ಮುಂದಿನ ಗಡುವಿಗೆ ಇಂದೇ ದರ ನಿಗದಿಪಡಿಸುವ ವ್ಯವಹಾರದಲ್ಲಿ, ಬೇಲಿನ ದರವನ್ನು ಬಿಟ್ಟು ಕ್ಯಾಂಡಿಯ ದರವನ್ನೇ ಹಿಡಿಯಿತು.

ಇದರ ಭಾರ ಬೀಳುವುದು ಬೆಳೆಗಾರನ ಮೇಲೆ. ರಾಯಚೂರಿನ ಮಾರುಕಟ್ಟೆಯಲ್ಲಿ ಅವನು ಮಾರುವುದು ಬೀಜಸಹಿತ ಹತ್ತಿಯನ್ನು, ಅದೂ ಕ್ವಿಂಟಲಿನ ಲೆಕ್ಕದಲ್ಲಿ. ಅದರಲ್ಲಿ ಅರಳೆ ಮೂರರಲ್ಲೊಂದು ಪಾಲಿನಷ್ಟೇ ಆದ್ದರಿಂದ ಒಂದು ಕ್ಯಾಂಡಿಗೆ ಹತ್ತೂವರೆ ಕ್ವಿಂಟಲಿನ ಮೇಲೆ ಹತ್ತಿ ಬೇಕು. ಹತ್ತಿಕಾಳಿನ ಬೆಲೆಯನ್ನು ಕೂಡಿ, ಜಿನ್ನಿಂಗ್ ಖರ್ಚನ್ನು ಕಳೆದ ಮೇಲಷ್ಟೇ ಅವನಿಗೆ ತನ್ನ ಕ್ವಿಂಟಲಿನ ಬೆಲೆ ಕ್ಯಾಂಡಿಯ ದರಕ್ಕೆ ತಕ್ಕುದಾಗಿದೆಯೇ ಎಂಬುದು ತಿಳಿಯುತ್ತದೆ.