ಸ್ಪ್ರಿಂಗ್‌ಫೀಲ್ಡ್ ಕಾಲೇಜಿನ ಮೂವರು ಹಳೆ ವಿದ್ಯಾರ್ಥಿಗಳು

ನಮ್ಮ ಶಾಲಾ-ಕಾಲೇಜುಗಳ ವಾರ್ಷಿಕೋತ್ಸವಗಳಲ್ಲಿ ಹಳೆ ವಿದ್ಯಾರ್ಥಿಗಳನ್ನು ಸನ್ಮಾನಿಸುವುದು ರೂಢಿ. ವೈದ್ಯರು, ಇಂಜಿನಿಯರರು, ಉದ್ಯಮಿಗಳು ವೇದಿಕೆಯೇರುತ್ತಾರೆ. ಆಟದ ಮೈದಾನದಲ್ಲೇ ಬದುಕು ಸವೆಸಿದವರು ಅಲ್ಲಿ ಕಾಣಸಿಗುವುದು ಕಡಿಮೆ. ಆದ್ದರಿಂದ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಕಾಲೇಜಿನಲ್ಲಿ ಕಲಿತ ಮೂವರನ್ನು ಇಲ್ಲಿ ಪರಿಚಯಿಸುತ್ತಿದ್ದೇವೆ. ಅಂದು ಅದು ವೈಎಂಸಿಎ ಸಂಸ್ಥೆಯ ತರಬೇತಿ ಶಾಲೆಯಾಗಿತ್ತು.

ಜೇಮ್ಸ್ ನೈಸ್ಮಿತ್ (1861-1939)

ಕೆನಡಾದ ಆಲ್ಮಾಂಟ್ ಬಳಿ ಜನಿಸಿದ ಇವರು ಒಂಬತ್ತನೇ ವಯಸ್ಸಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡರು. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಪದವಿ ಪಡೆದು, ಬಳಿಕ ಪ್ರೆಸ್ಬಿಟೇರಿಯನ್ ಕಾಲೇಜಿನಲ್ಲಿ ದೈವಶಾಸ್ತ್ರ ಕಲಿತರು. ಧರ್ಮಬೋಧಕರಾಗಬೇಕಾದವರು ದೈಹಿಕ ಶಿಕ್ಷಣವನ್ನು ಆರಿಸಿಕೊಂಡದ್ದು ಮನೆಯವರಿಗೆ ಹಿಡಿಸಲಿಲ್ಲ. ಯುವಕರ ಶೀಲವನ್ನು ಮೈದಾನದಲ್ಲಿಯೂ ರೂಪಿಸಬಹುದೆಂಬ ನಂಬಿಕೆ ಅವರದು.

1891ರ ಚಳಿಗಾಲದಲ್ಲಿ, ಕವಾಯತಿನಿಂದ ಬೇಸತ್ತ ಹದಿನೆಂಟು ವಿದ್ಯಾರ್ಥಿಗಳಿಗೆ ಒಳಾಂಗಣದ ಹೊಸ ಆಟವೊಂದನ್ನು ಹದಿನಾಲ್ಕು ದಿನಗಳಲ್ಲಿ ರೂಪಿಸುವಂತೆ ಮುಖ್ಯಸ್ಥ ಲೂಥರ್ ಗುಲಿಕ್ ಸೂಚಿಸಿದರು. ಹತ್ತು ಅಡಿ ಎತ್ತರದಲ್ಲಿ ಹಣ್ಣಿನ ಎರಡು ಬುಟ್ಟಿಗಳು, ಒಂದು ಫುಟ್ಬಾಲ್, 13 ನಿಯಮಗಳು: ಬಾಸ್ಕೆಟ್‌ಬಾಲ್ ಹುಟ್ಟಿದ್ದು ಹೀಗೆ. ಚೆಂಡು ಹಿಡಿದುಕೊಂಡು ಓಡಬಾರದೆಂಬ ನಿಯಮದಿಂದ ಮೈಮೇಲೆ ಬೀಳುವ ಒರಟುತನ ತಗ್ಗಿತು.

1898ರಲ್ಲಿ ಕಾನ್ಸಾಸ್ ವಿಶ್ವವಿದ್ಯಾನಿಲಯಕ್ಕೆ ಸೇರಿದ ಇವರು ಅಲ್ಲಿ ಪ್ರಾರ್ಥನಾ ಮಂದಿರದ ಹೊಣೆಯನ್ನೂ ಹೊತ್ತರು. ತರಬೇತುದಾರರಾಗಿ ಅವರು ಗೆದ್ದದ್ದು 55 ಪಂದ್ಯ, ಸೋತದ್ದು 60! ಆದರೂ 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ತಮ್ಮ ಆಟ ಸೇರಿದ್ದನ್ನು ಕಣ್ಣಾರೆ ಕಂಡರು. 1959ರಲ್ಲಿ ಬಾಸ್ಕೆಟ್‌ಬಾಲ್ ಕೀರ್ತಿಭವನದ ಮೊದಲ ಗೌರವಿತರ ಸಾಲಿನಲ್ಲಿ ಅವರಿದ್ದರು. ಆ ಭವನಕ್ಕೆ ಅವರದೇ ಹೆಸರು.

ವಿಲಿಯಂ ಮಾರ್ಗನ್ (1870-1942)

ಸಮೀಪದ ಹೋಲಿಯೋಕ್‌ನ ವೈಎಂಸಿಎಯಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರಾಗಿದ್ದ ಇವರು, ಬಾಸ್ಕೆಟ್‌ಬಾಲ್‌ನ ಓಟ ಕಷ್ಟವೆನಿಸಿದ ನಡುವಯಸ್ಸಿನವರಿಗಾಗಿ 1895ರಲ್ಲಿ ವಾಲಿಬಾಲ್ ರೂಪಿಸಿದರು. ಆರೂವರೆ ಅಡಿ ಎತ್ತರದ ನೆಟ್ ನಡುವೆ ಇದ್ದುದರಿಂದ ಇತ್ತಂಡದವರು ಡಿಕ್ಕಿ ಹೊಡೆಯುವ ಮಾತೇ ಇರಲಿಲ್ಲ. 1964ರ ಟೋಕಿಯೋದಲ್ಲಿ ಇದು ಒಲಿಂಪಿಕ್ ಆಟವಾಯಿತು. 1985ರಲ್ಲಿ ವಾಲಿಬಾಲ್ ಕೀರ್ತಿಭವನ ಮೊತ್ತಮೊದಲು ಗೌರವಿಸಿದ್ದು ಮಾರ್ಗನ್‌ರನ್ನು. ಅಷ್ಟರಲ್ಲಿ ಅವರು ತೀರಿಹೋಗಿ ನಾಲ್ಕು ದಶಕಗಳು ಕಳೆದಿದ್ದವು.

ಹ್ಯಾರಿ ಕ್ರೋ ಬಕ್ (ನಿಧನ 1943)

ಭಾರತಕ್ಕೆ ಹೆಚ್ಚು ಹತ್ತಿರದವರು ಇವರು. 1920ರಲ್ಲಿ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತ ತಂಡದೊಡನೆ ತೆರಳಿದರು. ಆಟವಾಡುವವರಿಗಿಂತ ಆಟ ಕಲಿಸುವವರನ್ನು ತಯಾರಿಸುವುದು ಅವರ ಮುಖ್ಯ ಗುರಿಯಾಗಿತ್ತು. ಚೆನ್ನೈಯ ನಂದನಂನಲ್ಲಿರುವ ಆ ಕಾಲೇಜು 2020ರಲ್ಲಿ ನೂರು ವರ್ಷ ಪೂರೈಸಿತು. ಬಕ್ ಅವರಿಗೆ ಇದಕ್ಕಿಂತ ದೊಡ್ಡ ಸ್ಮಾರಕ ಬೇಕಿಲ್ಲ.

ನಾವು ಮಾಡಬಹುದಾದುದು

ಇಂದು ನಮ್ಮ ಚರ್ಚ್ ಮೈದಾನಗಳಲ್ಲಿ ಯುವಜನರು ವಾಲಿಬಾಲ್ ನೆಟ್ ಕಟ್ಟುವಾಗ ಈ ಶಿಕ್ಷಕರ ದುಡಿಮೆಯ ಫಲವನ್ನೇ ಉಣ್ಣುತ್ತಾರೆ. ಆದರೆ ಪರೀಕ್ಷೆ ಹತ್ತಿರ ಬಂದೊಡನೆ ಗಣಿತಕ್ಕೋ ವಿಜ್ಞಾನಕ್ಕೋ ಮೊದಲು ಬಿಟ್ಟುಕೊಡುವುದು ಆಟದ ಪಿರಿಯಡ್ಡನ್ನೇ. ಬಿಸಿಲಲ್ಲಿ ಸೀಟಿ ಊದುತ್ತಾ ಮೂವತ್ತು ವರ್ಷ ನಿಂತ ಪಿ.ಟಿ. ಮಾಸ್ತರರು ನಿಮ್ಮ ಊರಿನಲ್ಲಿಯೂ ಇದ್ದಾರು. ಮುಂದಿನ ವಾರ್ಷಿಕೋತ್ಸವಕ್ಕೆ ಸನ್ಮಾನಿತರ ಪಟ್ಟಿ ಸಿದ್ಧಪಡಿಸುವಾಗ ಅವರ ಹೆಸರನ್ನೂ ಸೇರಿಸಿರಿ. ಮಾರ್ಗನ್‌ರಂತೆ ಅವರು ಕಾಯುವಂತಾಗದಿರಲಿ.