ನಂಬಿಕೆ ಮತ್ತು ನಿತ್ಯದ ಬದುಕು: ಕನ್ನಡದ ಕ್ರೈಸ್ತ ಪುಸ್ತಕಗಳ ಜಾಡು

ಕ್ರೈಸ್ತ ಸಾಹಿತ್ಯ ಎಂದೊಡನೆ ಕನ್ನಡ ಓದುಗರ ಗಮನ ಕರಾವಳಿಯತ್ತ ಹರಿಯುವುದು ವಾಡಿಕೆ. ಆದರೆ ಅದರ ಮೊದಲ ಅಧ್ಯಾಯಗಳಲ್ಲಿ ಒಂದು ಬಯಲುಸೀಮೆಗೆ ಸೇರಿದ್ದು. ದಾವಣಗೆರೆ ಜಿಲ್ಲೆ ಜಗಳೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಬಿಳಿಚೋಡಿನಿಂದ ಉತ್ತರಕ್ಕೆ ಸಾಗಿ ತಾಲ್ಲೂಕಿನ ಗಡಿ ದಾಟಿದರೆ ಹಳೆಯ ಬಳ್ಳಾರಿ ಜಿಲ್ಲೆಯ ಸೀಮೆ. ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ, ಕನ್ನಡ ಕಲಿತು, ಬೈಬಲ್ ಅನುವಾದ ಕೈಗೊಂಡರು. 1831ರ ವೇಳೆಗೆ ಸಂಪೂರ್ಣ ಬೈಬಲ್ ಕನ್ನಡದಲ್ಲಿ ಲಭ್ಯವಾಯಿತು.

ಧರ್ಮಗ್ರಂಥದ ಅನುವಾದ ಒಂದು ಬಗೆ. ಆ ನಂಬಿಕೆ ಮನೆ, ದುಡಿಮೆ, ನೆರೆಹೊರೆಗಳ ನಡುವೆ ಹೇಗೆ ಬಾಳಿತು ಎಂಬುದನ್ನು ಕಾಣಿಸುವ ಪುಸ್ತಕಗಳದು ಇನ್ನೊಂದು ಬಗೆ. ಈ ಎರಡನೆಯ ಬಗೆಯ ಕೃತಿಗಳು ಕನ್ನಡದಲ್ಲಿ ಇಲ್ಲದಿಲ್ಲ. ಆದರೆ ಅವು ಕಾವ್ಯ, ಕಾದಂಬರಿ, ಸಂಶೋಧನೆ ಎಂದು ಬೇರೆ ಬೇರೆ ಕಪಾಟುಗಳಲ್ಲಿ ಹಂಚಿಹೋಗಿವೆ. ಹೆಸರು ತಿಳಿದು ಕೇಳದ ಹೊರತು ಓದುಗನ ಕೈಗೆ ಬರುವುದು ಕಷ್ಟ.

ಅನುವಾದದಿಂದ ಷಟ್ಪದಿಯ ನಾಡಿಗೆ

ಬಾಸೆಲ್ ಮಿಷನ್ 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯ ತೆರೆಯಿತು. ಅದೇ ದಶಕದಲ್ಲಿ ಮಿಷನರಿ ಗಾಟ್‌ಫ್ರೀಡ್ ವೈಗ್ಲೆ ಅವರು ಜಾನ್ ಬನ್ಯನ್‌ನ ಪ್ರಸಿದ್ಧ ರೂಪಕ ಕಥೆಯನ್ನು ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ಮೂಲ ಕೃತಿ ಪ್ರಕಟವಾದದ್ದು 1678ರಲ್ಲಿ. ಬನ್ಯನ್ ಪಂಡಿತನಲ್ಲ, ಪಾತ್ರೆ ಪಡಗ ದುರಸ್ತಿ ಮಾಡುವ ಕಸುಬಿನವನು. ಸಾಮಾನ್ಯ ಗೃಹಸ್ಥನೊಬ್ಬ ಹೊರೆ ಹೊತ್ತು ನಡೆಯುವ ದಾರಿಯ ಕಥೆ ಅದಾದ್ದರಿಂದ ಹಲವು ಭಾಷೆಗಳಲ್ಲಿ ಓದುಗರನ್ನು ಪಡೆಯಿತು.

ನಿಘಂಟಿನಿಂದ ಮನೆಮಾತಾದ ಫರ್ಡಿನಾಂಡ್ ಕಿಟೆಲ್ 1862ರಲ್ಲಿ ‘ಕಥಾಮಾಲೆ’ ರಚಿಸಿದರು. ಯೇಸುವಿನ ಕಥೆಯನ್ನು ಈ ನೆಲದ ಛಂದಸ್ಸಿನಲ್ಲಿಯೇ ಹೇಳಿದ ಪ್ರಯತ್ನವಿದು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟವಾದದ್ದು ಅದಾಗಿ ಮೂರು ದಶಕಗಳ ನಂತರ, 1894ರಲ್ಲಿ.

ಸಭಾಪಾಲಕರ ಸರ್ವಜ್ಞ

ಧಾರವಾಡದಲ್ಲಿ ಜನಿಸಿದ ಉತ್ತಂಗಿ ಚನ್ನಪ್ಪ (1881–1962) ವೃತ್ತಿಯಿಂದ ಕ್ರೈಸ್ತ ಸಭಾಪಾಲಕರು. ಹಳ್ಳಿಗಳ ಜನರ ಬಾಯಲ್ಲಿದ್ದ ಸರ್ವಜ್ಞನ ತ್ರಿಪದಿಗಳನ್ನು ಅರಸಿ, ಸಂಗ್ರಹಿಸಿ, 1924ರಲ್ಲಿ ಪ್ರಕಟಿಸಿದರು. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಅವರದೇ ಕೃತಿ. ತಮ್ಮ ನಂಬಿಕೆಯನ್ನು ಬಿಡದೆ ನೆರೆಯವರ ನಂಬಿಕೆಯನ್ನು ಗೌರವದಿಂದ ಓದಿದ ಅವರನ್ನು ಕನ್ನಡಿಗರು 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕೂರಿಸಿದರು.

ಈ ಓದು ಏಕಮುಖವಾಗಿರಲಿಲ್ಲ. ಇಂದಿನ ಕಾಸರಗೋಡು ಜಿಲ್ಲೆಗೆ ಸೇರಿರುವ ಮಂಜೇಶ್ವರದ ಕವಿ ಗೋವಿಂದ ಪೈ ಕ್ರೈಸ್ತರಲ್ಲ. ಆದರೂ ಯೇಸುವಿನ ಅಂತಿಮ ದಿನವನ್ನು ವಸ್ತುವಾಗಿಸಿ ‘ಗೊಲ್ಗೊಥಾ’ ಖಂಡಕಾವ್ಯವನ್ನು ಬರೆದರು.

ಇಗರ್ಜಿಯ ಸುತ್ತಲಿನ ಮನೆಗಳು

ನಿತ್ಯದ ಬದುಕಿಗೆ ಅತಿ ಸಮೀಪದಲ್ಲಿ ನಿಂತು ಬರೆದವರು ಸಾಗರದ ನಾ. ಡಿ’ಸೋಜ (1937–2025). ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಮುಳುಗಡೆಯನ್ನು ಕಣ್ಣಾರೆ ಕಂಡ ಅವರನ್ನು ‘ದ್ವೀಪ’ದ ಲೇಖಕರೆಂದು ಹೆಚ್ಚಿನವರು ಬಲ್ಲರು. ಅವರ ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಕಾದಂಬರಿ ಮಲೆನಾಡಿನ ಕ್ರೈಸ್ತ ಕುಟುಂಬಗಳ ಒಳಬದುಕಿನತ್ತ ತಿರುಗುತ್ತದೆ. ಇಗರ್ಜಿ ಎಂಬುದು ಪೋರ್ಚುಗೀಸ್ ಮೂಲದಿಂದ ಕೊಂಕಣಿಯ ಮೂಲಕ ಬಂದ, ಚರ್ಚ್ ಎಂಬರ್ಥದ ಪದ. ಶೀರ್ಷಿಕೆಯಲ್ಲಿ ಇಗರ್ಜಿಯಷ್ಟೇ ಮನೆಗಳಿಗೂ ಸ್ಥಾನವಿರುವುದು ಗಮನಾರ್ಹ.

ಹುಡುಕುವ ಬಗೆ

ಹಳೆಯ ಮುದ್ರಣಗಳು ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿ ಉಳಿದಿವೆ. ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಗುಂಡರ್ಟ್ ಪೋರ್ಟಲ್‌ನಲ್ಲಿ ಬಾಸೆಲ್ ಮಿಷನ್ ಕಾಲದ ಕನ್ನಡ ಪುಸ್ತಕಗಳನ್ನು ಉಚಿತವಾಗಿ ಓದಬಹುದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಆಡಳಿತಕ್ಕೆ ಬಂದಿದ್ದು, ಈಗ ‘ಅರಿವು ಕೇಂದ್ರ’ಗಳೆಂದು ಪರಿಚಿತವಾಗಿವೆ. ಉತ್ತಂಗಿ, ಪೈ, ಡಿ’ಸೋಜರ ಪುಸ್ತಕಗಳು ಒಂದು ಕೋಮಿನ ಓದಿಗೆ ಮೀಸಲಾದವಲ್ಲ. ಕನ್ನಡ ಸಾಹಿತ್ಯದ ಪಾಲು. ಬಿಳಿಚೋಡಿನಂಥ ಊರಿನ ಓದುಗ ಹೆಸರು ಹಿಡಿದು ಅವನ್ನು ಕೇಳತೊಡಗಿದರೆ, ಹಂಚಿಹೋದ ಈ ಕೃತಿಗಳು ಒಂದೇ ಕಪಾಟಿನಲ್ಲಿ ಕೂಡಿಬರುವ ದಾರಿ ತೆರೆದೀತು.