ಹಿದುಕಿದ ಬೇಳೆಯ ತಿಂಗಳು

ಬೆಂಗಳೂರಿಗೆ ಆ ಹೆಸರು ಬಂದ ಕತೆಯನ್ನು ನಮ್ಮ ಮೇಷ್ಟರು ಮೂರನೆಯ ತರಗತಿಯಲ್ಲಿ ಹೇಳಿದ್ದರು. ಬೇಟೆಗೆ ಬಂದು ದಾರಿ ತಪ್ಪಿದ ವೀರಬಲ್ಲಾಳ, ಗುಡಿಸಲಿನ ಮುದುಕಿ ಕೊಟ್ಟ ಬೆಂದ ಕಾಳು, ಅದರಿಂದ ಬೆಂದಕಾಳೂರು. ಕಾಳು ಯಾವುದೆಂದು ಅವರು ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಮಾಲೂರು ಸೀಮೆಯ ಮಕ್ಕಳಿಗೆ ಅದು ಅವರೆಯಲ್ಲದೆ ಬೇರೇನಾದೀತು? ದೊಡ್ಡವನಾದ ಮೇಲೆ ತಿಳಿಯಿತು, ಬೇಗೂರಿನ ವೀರಗಲ್ಲೊಂದರಲ್ಲಿ ಕ್ರಿ.ಶ. 900ರ ಸುಮಾರಿಗೇ ಬೆಂಗಳೂರು ಕಾಳಗದ ಮಾತು ಬಂದಿದೆಯೆಂದು. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಕತೆ ನಿಲ್ಲುವುದಿಲ್ಲ. ಆದರೂ ಆ ಮುದುಕಿಯನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ದಾರಿಹೋಕರನ್ನು ಜಗಲಿಗೆ ಕರೆದು ಬೆಂದ ಕಾಳು ಕೊಡುವ ಮುದುಕಿಯನ್ನು ನಾನೇ ಕಂಡಿದ್ದೇನೆ. ಆಕೆ ನನ್ನ ಅಜ್ಜಿ.

ಅವರೆಯ ವಂಶ ಬಲ್ಲಾಳನದಕ್ಕಿಂತ ಬಹಳ ಹಳೆಯದು. ಬಳ್ಳಾರಿಯ ಸಂಗನಕಲ್ಲು, ತುಂಗಭದ್ರೆಯ ದಂಡೆಯ ಹಳ್ಳೂರು, ಇಂಥ ನವಶಿಲಾಯುಗದ ನೆಲೆಗಳ ಬೂದಿಮಣ್ಣಿನಲ್ಲಿ ಹುರುಳಿ, ಹೆಸರುಗಳ ಜೊತೆಗೆ ಸುಮಾರು ಮೂರೂವರೆ ಸಾವಿರ ವರ್ಷ ಹಿಂದಿನ ಅವರೆಯ ಕರಕಲು ಕಾಳುಗಳೂ ಸಿಕ್ಕಿವೆ. ಮೂಲ ಆಫ್ರಿಕ ಎನ್ನುತ್ತಾರೆ ತಿಳಿದವರು. ರಾಗಿಯದೂ ಅದೇ ದಿಕ್ಕು. ಹಾಗೆಂದು ಅಜ್ಜಿಗೆ ಒಮ್ಮೆ ಹೇಳಿದ್ದಕ್ಕೆ, "ಬಂದೋರು ಬಂದ್ರು, ಇಲ್ಲೇ ನೆಂಟಸ್ತನ ಮಾಡ್ಕೊಂಡ್ರು ಬಿಡು" ಎಂದಿದ್ದಳು.

ನೆಂಟಸ್ತನವೆಂಬುದು ಸರಿಯಾದ ಮಾತೇ. ನಮ್ಮ ಕಡೆ ರಾಗಿ ಹೊಲದಲ್ಲಿ ರಾಗಿಯೊಂದೇ ಇರುತ್ತಿರಲಿಲ್ಲ. ಕೂರಿಗೆಯ ಹಿಂದೆ ಹೆಂಗಸರು ಸಡ್ಡೆ ಹಿಡಿದು ಅಕ್ಕಡಿ ಸಾಲು ಬಿಡುತ್ತಿದ್ದರು: ಅವರೆ, ತೊಗರಿ, ಬದುವಿನ ಕಡೆಗೆ ಹುಚ್ಚೆಳ್ಳು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ಅಂದರೆ 1800ರಲ್ಲಿ, ಕಂಪನಿಯ ಅಪ್ಪಣೆ ಪಡೆದು ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಇದನ್ನು ನೋಡಿ ಬರೆದಿಟ್ಟಿದ್ದಾನೆ. 1807ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಅವರೆ, ತೊಗರಿಗಳ ಹೆಸರು ಕನ್ನಡದಲ್ಲೇ ಇದೆ, ಇಂಗ್ಲಿಷಿನ ಕಾಗುಣಿತದಲ್ಲಿ ಸ್ವಲ್ಪ ಕುಂಟುತ್ತ. ಅದನ್ನು ಓದಿದಾಗ ನಮ್ಮ ಹೊಲದ ಬದುವಿನ ಮೇಲೆಯೇ ಆತ ನಿಂತಿದ್ದನೇನೋ ಎನಿಸಿತು.

ರಾಗಿ ಕೊಯ್ದ ಮೇಲೆ ಹೊಲ ಅವರೆಯ ಪಾಲಿಗೆ ಬರುತ್ತಿತ್ತು. ಅದು ಹಗಲು ಕುಗ್ಗುವುದನ್ನು ಕಾದು ಹೂ ಬಿಡುವ ಗಿಡ. ಮಳೆ ನಿಂತು, ಕೂಳೆಯ ಮೇಲೆ ಮಂಜು ಬೀಳತೊಡಗಿದಾಗ ಬಳ್ಳಿ ಹಬ್ಬುತ್ತದೆ, ಕಾಯಿಯ ಮೈಗೆ ಅಂಟು ಅಂಟಾದ ಸೊಗಡು ಕೂಡುತ್ತದೆ. ಬಿಡಿಸಿದ ಕೈಯನ್ನು ಎಷ್ಟು ತೊಳೆದರೂ ಆ ವಾಸನೆ ಹೋಗದು. ಪುಷ್ಯಮಾಸವಿಡೀ ನಾವು ಅದೇ ಕೈಯನ್ನು ಕೆನ್ನೆಗಿಟ್ಟು ಮಲಗುತ್ತಿದ್ದೆವು.

ಬೆಳಿಗ್ಗೆ ಬಿಡಿಸಿದ ಕಾಳನ್ನು ಅಮ್ಮ ನೀರಿಗೆ ಹಾಕುವಳು. ರಾತ್ರಿ ದೀಪದ ಸುತ್ತ ಎಲ್ಲರೂ ಹಿದುಕಲು ಕೂರಬೇಕು. (ನಮ್ಮೂರ ತೆಲುಗಿನವರು ಇದನ್ನು ಪಿತಿಕಿನ ಪಪ್ಪು ಎನ್ನುತ್ತಾರೆ. ಅವರಲ್ಲಿ ಪಕಾರ ಉಳಿದಿದೆ, ನಮ್ಮಲ್ಲಿ ಹಕಾರವಾಗಿದೆ. ಬೇಳೆ ಒಂದೇ.) ಹೆಬ್ಬೆರಳು ತೋರುಬೆರಳ ನಡುವೆ ಕಾಳು ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ, ಸಿಪ್ಪೆ ಪಕ್ಕಕ್ಕೆ. ಗುರಿ ತಪ್ಪಿದರೆ ತಾತನ ಕನ್ನಡಕಕ್ಕೆ. ವರ್ಷದ ಹನ್ನೊಂದು ತಿಂಗಳು ಅಡುಗೆಮನೆಯ ಹೊಸ್ತಿಲು ದಾಟದ ತಾತ ಆ ಒಂದು ತಿಂಗಳು ಹೆಂಗಸರು ಮಕ್ಕಳ ಸಾಲಿನಲ್ಲೇ ಕೂರುತ್ತಿದ್ದ. ದಾಯಾದಿಗಳೊಂದಿಗೆ ಮಾತು ನಿಂತಿದ್ದ ವರ್ಷವೂ ದೊಡ್ಡಮ್ಮ ತಮ್ಮ ಕಾಳಿನ ಬೋಗುಣಿ ಹಿಡಿದು ನಮ್ಮ ನಡುಮನೆಗೇ ಬಂದರು. ಯಾರೂ ಏನೂ ಕೇಳಲಿಲ್ಲ. ಮರುದಿನ ಹಿದುಕಿದ ಬೇಳೆ ಸಾರು, ರಾಗಿಮುದ್ದೆ. ಆಚೆ ದಿನ ಉಪ್ಪಿಟ್ಟು, ಅದರಾಚೆ ಅಕ್ಕಿರೊಟ್ಟಿ. ಸಂಕ್ರಾಂತಿಗೆ ಕಾಯಿಯನ್ನೇ ಉಪ್ಪು ಹಾಕಿ ಬೇಯಿಸಿ, ಕಡಲೆಕಾಯಿ, ಗೆಣಸಿನ ಜೊತೆ ಮಡಿಲಿಗೆ. ಸಿಪ್ಪೆ ದನಗಳಿಗೆ. ಬೇಸರವಾಗುತ್ತಿರಲಿಲ್ಲವೇ ಎಂದು ನನ್ನ ಮಗಳು ಕೇಳುತ್ತಾಳೆ. ಆಗುತ್ತಿತ್ತು. ಅಷ್ಟರಲ್ಲಿ ಕಾಲ ಮುಗಿಯುತ್ತಿತ್ತು.

ಇದನ್ನು ಮುಗಿಸಿದವರಲ್ಲಿ ನಾನೂ ಒಬ್ಬ. 1982ರಲ್ಲಿ ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೆ. ತಮ್ಮಂದಿರೂ ಊರು ಬಿಟ್ಟಿದ್ದರು, ಆಳು ಸಿಗುತ್ತಿರಲಿಲ್ಲ. ಸುತ್ತಲ ಹೊಲಗಳಿಗೆಲ್ಲ ನೀಲಗಿರಿ ಬರುತ್ತಿತ್ತು: ಒಮ್ಮೆ ನೆಟ್ಟರೆ ಸಾಕು, ಏಳೆಂಟು ವರ್ಷಕ್ಕೆ ಲಾರಿ ಹೊಲಕ್ಕೇ ಬಂದು ಕಡಿದುಕೊಂಡು ಹೋಗುತ್ತದೆ, ಕೂಳೆ ಮತ್ತೆ ಚಿಗುರುತ್ತದೆ. ಮೂರೆಕರೆಗೂ ಅದನ್ನೇ ಹಾಕಿಸೋಣವೆಂದು ಅಪ್ಪನನ್ನು ಒಪ್ಪಿಸಿದವನು ನಾನು. ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದ್ದೆ. ಅಜ್ಜಿ ಮೂಲೆಯಿಂದ, "ಪುಷ್ಯದಲ್ಲಿ ಏನ್ ಹಿದುಕ್ತೀಯಪ್ಪಾ, ಎಲೇನಾ?" ಎಂದಳು. ನಕ್ಕೆವು. ಮರುವರ್ಷ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ಹೋಗಿ ನೀಲಗಿರಿ ಸಸಿಗಳನ್ನು ಕಿತ್ತುಹಾಕಿದ ಸುದ್ದಿ ಬಂತು. ಆ ಪತ್ರಿಕೆಯನ್ನು ನಾನು ಊರಿಗೆ ಒಯ್ಯಲಿಲ್ಲ. ಅಜ್ಜಿ 1986ರಲ್ಲಿ ಹೋದಳು. ಅಷ್ಟರೊಳಗೆ ನಾಲ್ಕು ಪುಷ್ಯಗಳಲ್ಲಿ ನಾವು ಸಂತೆಯಿಂದ ಅವರೆ ಕೊಂಡು ತಂದಿದ್ದೆವು. ಅವಳು ಹಿದುಕಿದಳು, ತಿಂದಳು, ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು.

ಈಗ ಬೆಂಗಳೂರಿನಲ್ಲಿ ಚೈತ್ರ ವೈಶಾಖದಲ್ಲೂ ಅವರೆಕಾಯಿ ಸಿಗುತ್ತದೆ. ಹಗಲಿನ ಅಳತೆಗೆ ಕಾಯದ ಹೆಬ್ಬಾಳ ಅವರೆಯ ತಳಿಗಳನ್ನು ಕೃಷಿ ವಿಶ್ವವಿದ್ಯಾಲಯ ಕೊಟ್ಟಿದೆ. ರೈತನಿಗೆ ವರ್ಷವಿಡೀ ಕಾಸು ಬರುವುದನ್ನು ಹಳಿಯಲಾರೆ. ಸೊಗಡು ಮಾತ್ರ ಮಂಜಿನ ಕಾಲವನ್ನು ಬಿಟ್ಟು ಬರುವುದಿಲ್ಲ. ಅಂಗಡಿಯಲ್ಲಿ ಹಿದುಕಿದ ಬೇಳೆಯೂ ಪೊಟ್ಟಣದಲ್ಲಿ ಸಿಗುತ್ತದೆ. ಹಿದುಕಿದವರು ಯಾರೋ.

2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅದಕ್ಕೆ ಮೊದಲೇ ಅಪ್ಪ ತೀರಿಕೊಂಡಿದ್ದರು. ಆ ಹೊತ್ತಿಗೆ ನಾಲ್ಕು ಸಲ ಕಡಿದಿದ್ದೆವು, ಬಾವಿಯ ತಳ ಕಾಣುತ್ತಿತ್ತು. ಜೆಸಿಬಿ ತರಿಸಿ ಬೊಡ್ಡೆ ಕೀಳಿಸಲು ಕೊನೆಯ ಕಡಿತದ ದುಡ್ಡಿನ ಬಹುಪಾಲು ಹೋಯಿತು. ಎರಡು ವರ್ಷ ರಾಗಿ ಮೊಣಕಾಲೆತ್ತರಕ್ಕೆ ನಿಂತು ಸೊರಗಿತು. ಮೂರನೆಯ ವರ್ಷ ಬಂತು, ಜೊತೆಗೆ ಅಕ್ಕಡಿ ಸಾಲಿನಲ್ಲಿ ಅವರೆ. ಬೀಜ ನಮ್ಮದಲ್ಲ, ದೊಡ್ಡಮ್ಮನ ಮೊಮ್ಮಗನ ಮನೆಯದು. ಅವರು ಒಂದೆಕರೆ ಉಳಿಸಿಕೊಂಡಿದ್ದರು.

ಆ ಪುಷ್ಯದಲ್ಲಿ ಒಂದು ಚೀಲ ಕಾಯಿ ತಂದು ನಡುಮನೆಯಲ್ಲಿ ಸುರಿದೆ. ಎಂಬತ್ತು ದಾಟಿದ ಅಮ್ಮನಿಗೆ ಕಣ್ಣು ಅಷ್ಟಕ್ಕಷ್ಟೇ. ಒಂದು ಕಾಯಿ ಬಿಡಿಸಿ, ಅಂಗೈಯನ್ನು ಮೂಗಿನ ಬಳಿ ತಂದುಕೊಂಡಳು. "ಇನ್ನೂ ಒಂದು ವಾರ ಮಂಜು ಬೀಳ್ಬೇಕಿತ್ತು ಕಣೋ" ಎಂದು ಹೇಳಿ, ನನ್ನ ಮಗಳ ಕಡೆಗೆ ಮೊರ ಸರಿಸಿದಳು.